ಐಹೊಳೆ: ಹೋಗುವ ದಾರಿ, ನೋಡುವ ಬಗೆ



ಈ ಸಂಚಿಕೆಯ ಪಾಠಕ್ಕೆ ನಾವು ಆರಿಸಿಕೊಂಡಿರುವುದು ಒಂದು ಹಳ್ಳಿಯನ್ನು. ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲಿರುವ ಐಹೊಳೆ. ಶಾಲೆಯ ಪುಸ್ತಕದಲ್ಲಿ "ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು" ಎಂದು ನಾವೆಲ್ಲ ಬಾಯಿಪಾಠ ಮಾಡಿದ ಹೆಸರು ಇದು. ಪರೀಕ್ಷೆಯಲ್ಲಿ ಎರಡು ಅಂಕ ಬಂತು, ಅಲ್ಲಿಗೆ ಮುಗಿಯಿತು! ನಮ್ಮಲ್ಲಿ ಹೆಚ್ಚಿನವರು ಗ್ರ್ಯಾಂಡ್ ಕ್ಯಾನ್ಯನ್ ನೋಡಿದ್ದೇವೆ, ನಯಾಗರಾಕ್ಕೆ ಎರಡೆರಡು ಸಲ ಹೋಗಿದ್ದೇವೆ. ಐಹೊಳೆಯನ್ನು ಕಣ್ಣಾರೆ ಕಂಡವರು ನಮ್ಮ ಪರಿಚಯದವರಲ್ಲಿ ಬೆರಳೆಣಿಕೆಯಷ್ಟು.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಮೂರು ವಾರದ ರಜೆಯಲ್ಲಿ ಒಂದು ಮದುವೆ, ಎರಡು ಗೃಹಪ್ರವೇಶ, ನೆಂಟರ ಮನೆಗಳು, ಬ್ಯಾಂಕಿನ ಕೆಲಸ. ಉಳಿದ ಎರಡು ದಿನಕ್ಕೆ ಮೈಸೂರು ಇದ್ದೇ ಇದೆ. ಹಾಗಾಗಿ ಎಲ್ಲಿಂದ ಹೊರಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ಮಕ್ಕಳಿಗೆ ಏನು ಹೇಳಬೇಕು ಎಂಬುದನ್ನು ಒಂದೇ ಕಡೆ ಬರೆದಿಟ್ಟರೆ ಉಪಯೋಗವಾದೀತು ಎಂದು ಈ ಲೇಖನ.

ಮೊದಲು ಸ್ವಲ್ಪ ಹಿನ್ನೆಲೆ

ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿದ. ಅಲ್ಲಿಂದ ಸುಮಾರು ಇನ್ನೂರು ವರ್ಷ ಚಾಲುಕ್ಯರ ಆಳ್ವಿಕೆಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ಈ ಮೂರು ಊರುಗಳಲ್ಲಿ ಕಲ್ಲಿನ ಕೆಲಸ ನಡೆಯಿತು. ಆಮೇಲೆ ಬಂದ ರಾಷ್ಟ್ರಕೂಟರು ಮತ್ತು ಕಲ್ಯಾಣದ ಚಾಲುಕ್ಯರ ಕಾಲದಲ್ಲೂ ಐಹೊಳೆಯಲ್ಲಿ ಗುಡಿಗಳು ಏಳುತ್ತಲೇ ಇದ್ದವು. ಇಂದು ಊರಿನ ಒಳಗೆ ಹೊರಗೆ ಎಲ್ಲ ಸೇರಿ ನೂರಕ್ಕೂ ಹೆಚ್ಚು ದೇವಾಲಯಗಳಿವೆ. ಹಿಂದೂ ಗುಡಿಗಳಷ್ಟೇ ಅಲ್ಲ, ಜೈನ ಬಸದಿಗಳೂ ಒಂದು ಬೌದ್ಧ ಗುಹಾಲಯವೂ ಇವೆ.

ಹೆಸರಿಗೆ ಒಂದು ಸ್ಥಳಪುರಾಣವಿದೆ. ಪರಶುರಾಮ ಕ್ಷತ್ರಿಯರನ್ನು ಸಂಹರಿಸಿ ಬಂದು ಇಲ್ಲಿನ ಹೊಳೆಯಲ್ಲಿ ಕೊಡಲಿ ತೊಳೆದನಂತೆ. ನೀರು ಕೆಂಪಾದದ್ದನ್ನು ಕಂಡ ಹೆಂಗಸೊಬ್ಬಳು "ಅಯ್ಯೋ ಹೊಳೆ!" ಎಂದು ಕೂಗಿದಳಂತೆ. ಶಾಸನಗಳಲ್ಲಿ ಮಾತ್ರ ಊರಿನ ಹೆಸರು ಅಯ್ಯಾವೊಳೆ, ಆರ್ಯಪುರ ಎಂದಿದೆ. ಮಕ್ಕಳಿಗೆ ಎರಡನ್ನೂ ಹೇಳಿ. ಕಥೆ ಯಾವುದು, ಶಾಸನ ಯಾವುದು ಎಂಬ ವ್ಯತ್ಯಾಸವೂ ಒಂದು ಪಾಠವೇ.

ತಲುಪುವುದು ಹೇಗೆ?

ಉಳಿದುಕೊಳ್ಳಲು ಬಾದಾಮಿಯೇ ಅನುಕೂಲ. ಐಹೊಳೆಯಲ್ಲಿ ವಸತಿ ಸೌಕರ್ಯ ಬಹಳ ಕಡಿಮೆ. ಬಾದಾಮಿಗೆ ಬರಲು ಮೂರು ದಾರಿಗಳಿವೆ.

ರೈಲು: ಬೆಂಗಳೂರಿನಿಂದ ಹೊರಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ದಾಟಿ ಬಾದಾಮಿಯ ಮೇಲೆ ಹೋಗುತ್ತದೆ. ರಾತ್ರಿ ಪ್ರಯಾಣವಾದ್ದರಿಂದ ಒಂದು ಹಗಲು ಉಳಿಯುತ್ತದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಸ್ಲೀಪರ್ ಬರ್ತ್ ಹತ್ತಿ ಮಲಗುವುದೇ ಒಂದು ಹಬ್ಬ. ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ, ಆಟೋ ಸಿಗುತ್ತದೆ.

ವಿಮಾನ: ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿ. ಅಲ್ಲಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಾರಿಯುದ್ದಕ್ಕೂ ಎರೆಮಣ್ಣಿನ ಹೊಲಗಳು.

ಕಾರು: ಹಂಪಿ ನೋಡಿಕೊಂಡು ಬರುವವರು ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ಲು, ಹುನಗುಂದ, ಅಮೀನಗಡ ಮಾರ್ಗವಾಗಿ ನೇರ ಐಹೊಳೆಗೇ ಬರಬಹುದು. ಇಳಕಲ್ಲಿನಲ್ಲಿ ಸೀರೆ, ಅಮೀನಗಡದಲ್ಲಿ ಕರದಂಟು. ಮನೆಯಲ್ಲಿ ಯಾರೂ ಬೇಡವೆನ್ನದ ದಾರಿ ಇದು!

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಐಹೊಳೆಗೆ ಸುಮಾರು 35. ಬಸ್ಸುಗಳಿವೆ, ಆದರೆ ಕಡಿಮೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇಡೀ ದಿನಕ್ಕೆ ಕಾರು ಗೊತ್ತು ಮಾಡಿಕೊಳ್ಳುವುದು ಮೇಲು. ಎಷ್ಟು ಗಂಟೆ ಎಲ್ಲಿ ನಿಲ್ಲಬೇಕು, ಬಾಡಿಗೆ ಎಷ್ಟು ಎಂಬುದನ್ನು ಹಿಂದಿನ ಸಂಜೆಯೇ ಮಾತಾಡಿಟ್ಟುಕೊಳ್ಳಿ.

ಯಾವ ಕಾಲ, ಯಾವ ಕ್ರಮ?

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಡಿಸೆಂಬರ್ ರಜೆಯಲ್ಲಿ ಹೋಗುವವರಿಗೆ ಇದು ಸರಿಹೊಂದುತ್ತದೆ. ಜುಲೈ, ಆಗಸ್ಟ್‌ನಲ್ಲೂ ಹೋಗಬಹುದು. ಈ ಸೀಮೆಯಲ್ಲಿ ಮಲೆನಾಡಿನಂಥ ಮಳೆಯಿಲ್ಲ. ಆದರೂ ಒಮ್ಮೆ ಸುದ್ದಿ ನೋಡಿಕೊಂಡು ಹೊರಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲು ಕಾದು ಕೆಂಡವಾಗಿರುತ್ತದೆ, ಬೇಡ.

ಸಾಮಾನ್ಯವಾಗಿ ಡ್ರೈವರುಗಳು ಹತ್ತಿರವಿರುವ ಪಟ್ಟದಕಲ್ಲನ್ನು ಮೊದಲು ತೋರಿಸಿ, ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಐಹೊಳೆಗೆ ಕರೆದೊಯ್ಯುತ್ತಾರೆ. ಅಷ್ಟು ಹೊತ್ತಿಗೆ ಮಕ್ಕಳು ಸುಸ್ತು, ಹಿರಿಯರು ಕಾರಿನಿಂದ ಇಳಿಯುವುದಿಲ್ಲ. ದುರ್ಗ ಗುಡಿಯ ಮುಂದೆ ಒಂದು ಫೋಟೊ, ಹತ್ತು ನಿಮಿಷಕ್ಕೆ ಐಹೊಳೆ ಮುಗಿಯಿತು! ನಮ್ಮ ಸಲಹೆ ಇದಕ್ಕೆ ತಿರುಗುಮುರುಗು. ಬೆಳಿಗ್ಗೆ ಬೇಗ ಹೊರಟು ನೇರ ಐಹೊಳೆಗೆ ಹೋಗಿ, ಊಟದ ನಂತರ ವಾಪಸ್ ದಾರಿಯಲ್ಲಿ ಪಟ್ಟದಕಲ್ಲು ನೋಡಿ. ಇದರಿಂದ ಎರಡು ಲಾಭ. ಮೇಗುಟಿ ಗುಡ್ಡವನ್ನು ತಂಪು ಹೊತ್ತಿನಲ್ಲಿ ಹತ್ತಬಹುದು. ಪಾಠದ ಕ್ರಮವೂ ಸರಿಯಾಗಿರುತ್ತದೆ: ಮೊದಲು ಪ್ರಯೋಗ, ಆಮೇಲೆ ಫಲಿತಾಂಶ.

ನೀರು, ಟೋಪಿ, ಟಾರ್ಚು, ದಪ್ಪನೆಯ ಕಾಲುಚೀಲ ಇಟ್ಟುಕೊಳ್ಳಿ. ಬಾದಾಮಿಯ ಗುಹೆಗಳ ಬಳಿ ಕೋತಿಗಳ ಕಾಟ ಬಹಳ, ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಹೋಗಬೇಡಿ. ಐಹೊಳೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಓಸಿಐ ಕಾರ್ಡು ಇರುವವರು ಮೂಲ ಕಾರ್ಡನ್ನೇ ಒಯ್ಯಿರಿ. 2021ರ ಮಾರ್ಚ್‌ನಲ್ಲಿ ಹೊರಟ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ ರಾಷ್ಟ್ರೀಯ ಸ್ಮಾರಕಗಳ ಪ್ರವೇಶ ಶುಲ್ಕದಲ್ಲಿ ಓಸಿಐ ಕಾರ್ಡುದಾರರಿಗೂ ಭಾರತೀಯರಿಗಿರುವ ದರವೇ ಅನ್ವಯಿಸುತ್ತದೆ.

ಹೋಗುವ ಮುನ್ನ ಕಲಿಯಬೇಕಾದ ಐದು ಪದಗಳು

ಈ ಪದಗಳನ್ನು ಕಲಿಯಲು ಐಹೊಳೆಯವರೆಗೆ ಹೋಗಬೇಕಾಗಿಲ್ಲ. ಮುಂದಿನ ಭಾನುವಾರ ನಮ್ಮ ದೇವಸ್ಥಾನಕ್ಕೆ ಬಂದಾಗ ಮಕ್ಕಳನ್ನು ಹತ್ತು ನಿಮಿಷ ಸುತ್ತಾಡಿಸಿ.

ಗರ್ಭಗೃಹ: ದೇವರ ಮೂರ್ತಿಯಿರುವ ಒಳಕೋಣೆ.
ಅಂತರಾಳ: ಗರ್ಭಗೃಹಕ್ಕೂ ಮಂಟಪಕ್ಕೂ ನಡುವಿನ ಕಿರಿದಾದ ಜಾಗ. ನಮ್ಮಲ್ಲಿ ಅರ್ಚಕರು ನಿಂತು ತೀರ್ಥ ಕೊಡುವುದು ಸಾಮಾನ್ಯವಾಗಿ ಇಲ್ಲೇ.
ಮಂಟಪ: ಭಕ್ತರು ಸೇರುವ ಕಂಬಗಳ ಹಜಾರ.
ಪ್ರದಕ್ಷಿಣಾಪಥ: ಗರ್ಭಗೃಹವನ್ನು ಬಲಕ್ಕಿಟ್ಟುಕೊಂಡು ಸುತ್ತುವ ಹಾದಿ.
ಶಿಖರ: ಗರ್ಭಗೃಹದ ಮೇಲಿನ ಗೋಪುರ. ಬಾಗಿದ ರೇಖೆಯಲ್ಲಿ ಮೇಲೇರಿದರೆ ರೇಖಾನಾಗರ, ಅಂತಸ್ತು ಅಂತಸ್ತಾಗಿ ಏರಿದರೆ ದ್ರಾವಿಡ.

ಸಾವಿರಾರು ಮೈಲಿ ದೂರದ ಈ ದೇಶದಲ್ಲಿ, ಪಾರ್ಕಿಂಗ್ ಲಾಟಿನ ಪಕ್ಕ ನಾವು ಕಟ್ಟಿಕೊಂಡ ಗುಡಿಗೂ ಇದೇ ಅಂಗಗಳು. ಇವುಗಳನ್ನು ಹೇಗೆ ಜೋಡಿಸಬೇಕು ಎಂದು ಶಿಲ್ಪಿಗಳು ಕಲ್ಲಿನಲ್ಲಿ ಯೋಚಿಸಿದ ಜಾಗ ಐಹೊಳೆ ಎಂದು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ.

ಊರಿನೊಳಗೆ ನಡೆಯುವ ಕ್ರಮ

ಮೊದಲು ಮೇಗುಟಿ. ಮೇಲಿನ ಗುಡಿ ಎಂಬುದೇ ಮೇಗುಡಿ, ಮೇಗುಟಿ ಆಗಿದೆ. ಮೆಟ್ಟಿಲು ಹತ್ತುವಾಗ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಹಾಲಯ ಸಿಗುತ್ತದೆ. ತುದಿಯಲ್ಲಿರುವುದು ಜೈನ ಬಸದಿ. ಇದರ ಪೂರ್ವದ ಗೋಡೆಯ ಮೇಲೆ ಕವಿ ರವಿಕೀರ್ತಿಯ ಪ್ರಸಿದ್ಧ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಶಕವರ್ಷ 556, ಎಂದರೆ ಕ್ರಿ.ಶ. 634-35. ಭಾರತ ಯುದ್ಧವಾಗಿ 3735 ವರ್ಷಗಳಾದವು ಎಂಬ ಲೆಕ್ಕವನ್ನೂ ಕವಿ ಕೊಟ್ಟಿದ್ದಾನೆ. ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ್ದನ್ನು ಹೇಳುವಾಗ ಹರ್ಷನ ಹೆಸರಿನ ಮೇಲೇ ಶ್ಲೇಷೆ ಮಾಡಿದ್ದಾನೆ. ಕಾಳಿದಾಸ, ಭಾರವಿಯರಿಗೆ ತನ್ನನ್ನು ಹೋಲಿಸಿಕೊಂಡಿದ್ದಾನೆ. ಕಾಳಿದಾಸನ ಕಾಲವನ್ನು ಚರ್ಚಿಸುವ ವಿದ್ವಾಂಸರೆಲ್ಲ ಈ ಗೋಡೆಯ ಮುಂದೆ ಬಂದು ನಿಲ್ಲಲೇಬೇಕು, ಏಕೆಂದರೆ ಇದಕ್ಕಿಂತ ಈಚೆಗೆ ಅವನನ್ನು ತರುವಂತಿಲ್ಲ! ಗುಡ್ಡದ ಮೇಲೆ ಇತಿಹಾಸಪೂರ್ವ ಕಾಲದ ಕಲ್ಲುಚಪ್ಪಡಿಯ ಸಮಾಧಿಗಳೂ ಇವೆ. ಅಲ್ಲಿಂದ ಇಡೀ ಊರು, ಗುಡಿಗಳ ನಡುವೆ ಮನೆಗಳು, ಮನೆಗಳ ನಡುವೆ ಗುಡಿಗಳು ಒಂದೇ ನೋಟಕ್ಕೆ ಕಾಣುತ್ತವೆ.

ಎರಡನೆಯದು ದುರ್ಗ ದೇವಾಲಯದ ಆವರಣ. ದುರ್ಗಾದೇವಿಗೂ ಈ ಹೆಸರಿಗೂ ಸಂಬಂಧವಿಲ್ಲ, ಕೋಟೆಗೆ ಸೇರಿದ್ದರಿಂದ ದುರ್ಗದ ಗುಡಿ. ಅಲ್ಲಿನ ಶಾಸನದ ಆಧಾರದ ಮೇಲೆ ಇದು ಸೂರ್ಯನಿಗೆ ಕಟ್ಟಿದ್ದು ಎನ್ನುತ್ತಾರೆ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಇದಕ್ಕೆ ಗಜಪೃಷ್ಠ ಎಂದು ಹೆಸರು. ಸುತ್ತಲೂ ಕಂಬಗಳ ಪ್ರದಕ್ಷಿಣಾಪಥ. ನಂದಿಯೊಡನೆ ಶಿವ, ನರಸಿಂಹ, ಗರುಡನೊಡನೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬೊಬ್ಬರೇ ಗೋಡೆಯ ಗೂಡುಗಳಲ್ಲಿ ಎದುರಾಗುತ್ತಾರೆ. ಬಲಕ್ಕೇ ಸುತ್ತಿ, ಅವಸರ ಬೇಡ.

ಪಕ್ಕದಲ್ಲೇ ಲಾಡಖಾನ್ ಗುಡಿ. ಒಂದು ಕಾಲದಲ್ಲಿ ಆ ಹೆಸರಿನವನೊಬ್ಬ ಇದರಲ್ಲಿ ವಾಸವಾಗಿದ್ದನಂತೆ. ಇದರ ಚಾವಣಿಯನ್ನು ಚೆನ್ನಾಗಿ ನೋಡಿ. ಇಳಿಜಾರಿನ ಕಲ್ಲುಚಪ್ಪಡಿಗಳು, ಅವುಗಳ ಸಂದಿನ ಮೇಲೆ ಉದ್ದನೆಯ ಕಲ್ಲಿನ ದಿಮ್ಮಿಗಳು. ಮರದ ಮನೆ ಕಟ್ಟಿ ಪಳಗಿದ ಕೈ ಕಲ್ಲಿನಲ್ಲೂ ಮರಗೆಲಸವನ್ನೇ ಮಾಡಿದಂತಿದೆ. ಇಂಜಿನಿಯರುಗಳಾದ ನಮಗೆ ಇದು ಹೊಸತೇನಲ್ಲ. ಹಳೆಯ ಸಿಸ್ಟಮ್‌ನ ಅಭ್ಯಾಸ ಹೊಸ ಸಿಸ್ಟಮ್‌ಗೂ ಬರುತ್ತದೆ!

ಇಲ್ಲೊಂದು ಎಚ್ಚರಿಕೆ. ಸರಳವಾಗಿರುವುದೆಲ್ಲ ಹಳೆಯದು, ಅಲಂಕಾರವಿರುವುದೆಲ್ಲ ಹೊಸದು ಎಂದುಕೊಳ್ಳಬೇಡಿ. ಲಾಡಖಾನ್ ಗುಡಿಯನ್ನು ಹಿಂದೆ 5ನೆಯ ಶತಮಾನದ್ದೆಂದು ಬರೆಯುತ್ತಿದ್ದರು. ಈಗಿನ ವಿದ್ವಾಂಸರು 7-8ನೆಯ ಶತಮಾನಕ್ಕೆ ತರುತ್ತಾರೆ. ಹಾಗೆ ನೋಡಿದರೆ, ನೇರ ಗೋಡೆಯ ಮೇಲೆ ದಿನಾಂಕವೇ ಇರುವ ಮೇಗುಟಿ ಅದಕ್ಕಿಂತ ಹಿರಿಯದು. ಹಲವು ಶಿಲ್ಪಿಗಳು ಹಲವು ರೀತಿಯಲ್ಲಿ ಒಂದೇ ಊರಿನಲ್ಲಿ ಒಟ್ಟೊಟ್ಟಿಗೆ ಕೆಲಸ ಮಾಡಿದ್ದಾರೆ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಒಂದು ವರ್ಶನ್ ಬಂತೆಂದು ಇನ್ನೊಂದನ್ನು ಅಳಿಸಿಲ್ಲ.

ಮೂರನೆಯದು ರಾವಣಫಡಿ. 6ನೆಯ ಶತಮಾನದ ಗುಹಾಲಯ. ಹತ್ತು ಕೈಗಳ ಶಿವ ನರ್ತಿಸುತ್ತಿದ್ದಾನೆ, ಜೊತೆಗೆ ಸಪ್ತಮಾತೃಕೆಯರು. ಟಾರ್ಚು ಬೇಕಾಗುವುದು ಇಲ್ಲಿ. ಕಾಲಿಗೆ ಬಲವಿದ್ದವರು ಹುಚ್ಚಿಮಲ್ಲಿ ಗುಡಿ, ಅಂಬಿಗೇರ ಗುಡಿ, ಗೌಡರ ಗುಡಿ, ಕೊಂತಿ ಗುಡಿ ಇವನ್ನೂ ನೋಡಬಹುದು.

ಮಧ್ಯಾಹ್ನದ ಮೇಲೆ ಪಟ್ಟದಕಲ್ಲು. 1987ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ನಾಗರ, ದ್ರಾವಿಡ ಶಿಖರಗಳು ಅಕ್ಕಪಕ್ಕ ನಿಂತಿವೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಬೆಳಿಗ್ಗೆ ಐಹೊಳೆಯಲ್ಲಿ ಕಲಿತ ಐದು ಪದಗಳನ್ನೂ ಮಕ್ಕಳು ಇಲ್ಲಿ ತಾವೇ ಬೆರಳು ಮಾಡಿ ತೋರಿಸಬಲ್ಲರು.

ಪೂಜೆಯಿಲ್ಲದ ಗುಡಿಯಲ್ಲಿ ಹೇಗಿರಬೇಕು?

ನಮ್ಮ ಮಕ್ಕಳು ಕೇಳಿದ ಮೊದಲ ಪ್ರಶ್ನೆ: "ಇಲ್ಲಿ ದೇವರೇ ಇಲ್ಲ, ಶೂ ಏಕೆ ಬಿಚ್ಚಬೇಕು?" ಐಹೊಳೆಯ ಹೆಚ್ಚಿನ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕೆಲವು ಗರ್ಭಗೃಹಗಳು ಬರಿದಾಗಿವೆ. ಗಂಟೆಯಿಲ್ಲ, ಮಂಗಳಾರತಿಯಿಲ್ಲ. ನಾವು ಕೊಟ್ಟ ಉತ್ತರ ಇಷ್ಟೇ: ದೇವರನ್ನು ಕೂರಿಸಲೆಂದು ಕಟ್ಟಿದ ಜಾಗ ಇದು. ಕಟ್ಟಿದವರ ಶ್ರದ್ಧೆ ಇನ್ನೂ ಇಲ್ಲೇ ಇದೆ, ಅದಕ್ಕೆ ಮರ್ಯಾದೆ ಕೊಡೋಣ. ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುವುದು, ಶಿಲ್ಪಗಳ ಮೇಲೆ ಕೈಯಿಡದಿರುವುದು, ಹತ್ತಿ ಕುಳಿತು ಫೋಟೊ ತೆಗೆಸಿಕೊಳ್ಳದಿರುವುದು ಇಷ್ಟನ್ನು ಮನೆಯ ನಿಯಮವಾಗಿ ಮಾಡಿಕೊಂಡರೆ ಸಾಕು. ಕುಂಕುಮ, ಎಣ್ಣೆ, ಕರ್ಪೂರ ಹಚ್ಚುವುದು ಬೇಡ. ಮರಳುಗಲ್ಲು ಮೆದು, ಕಲೆ ಹೋಗುವುದಿಲ್ಲ.

ಇದು ವಸ್ತುಸಂಗ್ರಹಾಲಯವಲ್ಲ, ಊರು

ಈ ಪಾಠದಲ್ಲಿ ಮುಖ್ಯವಾದದ್ದು ಇದೇ ಎಂದು ನಮಗೆ ಅನ್ನಿಸುತ್ತದೆ. ಅಮೆರಿಕದಲ್ಲಿ ಹೆರಿಟೇಜ್ ವಿಲೇಜ್ ಎಂದರೆ ಟಿಕೆಟ್ ಕೊಂಡು ಒಳಗೆ ಹೋಗುವುದು, ಹಳೆಯ ಕಾಲದ ವೇಷ ತೊಟ್ಟವರು ಕಮ್ಮಾರಿಕೆ ಮಾಡಿ ತೋರಿಸುವುದು, ಐದು ಗಂಟೆಗೆ ಅವರೂ ಮನೆಗೆ ಹೋಗುವುದು. ಐಹೊಳೆಯಲ್ಲಿ ಯಾರೂ ವೇಷ ತೊಟ್ಟಿಲ್ಲ. ಗುಡಿಯ ಗೋಡೆಗೆ ಮನೆಯ ಗೋಡೆ ತಾಗಿದೆ. ಎಮ್ಮೆ ಕಟ್ಟಿದ್ದಾರೆ, ಜೋಳ ಒಣಗಿಸಿದ್ದಾರೆ.

ಗುಡಿಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಗೌಡರ ಗುಡಿ, ಅಂಬಿಗೇರ ಗುಡಿ, ಲಾಡಖಾನ್ ಗುಡಿ ಇವು ದೇವರ ಹೆಸರುಗಳಲ್ಲ, ಅಲ್ಲಿ ಅಥವಾ ಅದರ ಬಳಿ ಬಾಳಿದ ಜನರ ಹೆಸರುಗಳು. ಸ್ಮಾರಕಗಳ ಸುತ್ತ ತೆರವು ಮಾಡಿ ಊರನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. 2010ರ ಕಾನೂನು ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ನೂರಕ್ಕೂ ಹೆಚ್ಚು ಗುಡಿಗಳಿರುವ ಊರಿನಲ್ಲಿ ಇದರ ಅರ್ಥವೇನೆಂದು ಲೆಕ್ಕ ಹಾಕಿ ನೋಡಿ. ಮಗನಿಗೆ ಮದುವೆಯಾಯಿತೆಂದು ಒಂದು ಕೋಣೆ ಕಟ್ಟಿಸಿಕೊಳ್ಳುವುದೂ ಕಷ್ಟ. ಕಲ್ಲು ಉಳಿಯಬೇಕು ಎನ್ನುವವರ ಮಾತು ಸುಳ್ಳಲ್ಲ. ಮನೆ ಉಳಿಯಬೇಕು ಎನ್ನುವವರ ಮಾತೂ ಸುಳ್ಳಲ್ಲ.

ಗುಡಿಯೊಂದರ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ನಮ್ಮ ಮಗಳನ್ನು ಕರೆದು "ಯಾವೂರವ್ವ ನಿಮ್ಮದು?" ಎಂದರು. ಅಮೆರಿಕ ಎಂದಳು. "ಅಷ್ಟ್ ದೂರ ಹೋದ್ರೂ ಕನ್ನಡ ಮಾತಾಡ್ತಿ, ಚಲೋ ಆತು ಬಿಡು" ಎಂದು ಕೆನ್ನೆ ಸವರಿದರು. ಊರು ಬಿಡಬೇಕಾಗುತ್ತದಂತೆ ಹೌದೇ ಎಂದು ನಾವು ಕೇಳಿದಾಗ ಅವರು ಗುಡಿಯ ಕಡೆ ಕೈ ತೋರಿಸಿ, "ನಾ ಮದುವಿಯಾಗಿ ಬಂದಾಗಿಂದ ಇದರ ನೆರಳಾಗ ಕುಂತೇನ್ರಿ. ಬ್ಯಾರೆ ಕಡೆ ಮನಿ ಕೊಡ್ತಾರ, ಈ ನೆರಳು ಕೊಡ್ತಾರೇನು?" ಎಂದರು. ಊರು ಬಿಟ್ಟು ಬಂದ ನಮಗೆ ಆ ಮಾತಿಗೆ ಏನು ಹೇಳಬೇಕೋ ತೋಚಲಿಲ್ಲ.

ಆದ್ದರಿಂದ ಓದುಗರಲ್ಲಿ ಕೆಲವು ಕೋರಿಕೆಗಳು. ಮನೆಗಳ, ಜನರ ಫೋಟೊ ತೆಗೆಯುವ ಮುಂಚೆ ಕೇಳಿ. ಬೀದಿಯಲ್ಲಿ ಮಕ್ಕಳಿಗೆ ಪೆನ್ನು, ಚಾಕೊಲೇಟು, ಡಾಲರು ಹಂಚಬೇಡಿ, ಕೈಚಾಚುವ ಅಭ್ಯಾಸವಾಗುತ್ತದೆ. ಕೊಡಬೇಕೆನಿಸಿದರೆ ಊರಿನ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳಿ ಬೇಕಾದ್ದನ್ನು ಕೊಡಿ. ಸ್ಥಳೀಯ ಗೈಡನ್ನೇ ಕರೆದುಕೊಳ್ಳಿ, ಚಹಾ ಅಲ್ಲೇ ಕುಡಿಯಿರಿ. ಮರುದಿನ ಬಾದಾಮಿಯ ಬಳಿ ಬನಶಂಕರಿಗೆ ಹೋದಾಗ ಬುಟ್ಟಿ ಹೊತ್ತು ಬರುವ ತಾಯಂದಿರ ಬಳಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿನ್ನಿ. ಗುಳೇದಗುಡ್ಡದ ಖಣ ಒಂದೆರಡು ಕೊಳ್ಳಿ. ನೀವು ಅಲ್ಲಿ ಖರ್ಚು ಮಾಡಿದ ನೂರು ರೂಪಾಯಿಯೂ ಈ ಸೀಮೆಯ ಒಂದು ಮನೆಗೆ ಸೇರುತ್ತದೆ.

ನಮಗೂ ಐಹೊಳೆಗೂ ಇನ್ನೊಂದು ನಂಟು

ಮಧ್ಯಯುಗದಲ್ಲಿ "ಅಯ್ಯಾವೊಳೆ ಐನೂರ್ವರು" ಎಂಬ ವರ್ತಕರ ಸಂಘ ಪ್ರಸಿದ್ಧವಾಗಿತ್ತು. ಅಯ್ಯಾವೊಳೆ ಎಂದರೆ ಇದೇ ಐಹೊಳೆ. ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕೆಗಳಲ್ಲಿ ಇವರ ಶಾಸನಗಳಿವೆ. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ಸಿಕ್ಕ 1088ರ ತಮಿಳು ಶಾಸನವೊಂದರಲ್ಲೂ ಐನೂರ್ವರ ಹೆಸರಿದೆ. ಹೋದ ಕಡೆಗಳಲ್ಲಿ ಗುಡಿಗಳಿಗೆ ದಾನದತ್ತಿ ಬಿಟ್ಟರು. ಸಂಘ ಬೆಳೆದು ಹಲವು ಭಾಷೆಯವರು ಸೇರಿಕೊಂಡ ಮೇಲೂ ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ. ಹೊಟ್ಟೆಪಾಡಿಗೆ ಕಡಲು ದಾಟಿದವರಲ್ಲಿ ನಾವೇ ಮೊದಲಿಗರೇನಲ್ಲ!

ಮಕ್ಕಳಿಗೆ ಪ್ರಶ್ನೆಗಳು

1. ಮೇಗುಟಿಯ ಶಾಸನದ ಭಾಷೆ ಯಾವುದು? ಲಿಪಿ ಯಾವುದು?
2. ದುರ್ಗ ದೇವಾಲಯಕ್ಕೆ ಆ ಹೆಸರು ಬಂದದ್ದು ಹೇಗೆ?
3. ಲಾಡಖಾನ್ ಗುಡಿಯ ಚಾವಣಿ ಯಾವ ವಸ್ತುವಿನ ಕೆಲಸವನ್ನು ನೆನಪಿಸುತ್ತದೆ?
4. ನಮ್ಮ ದೇವಸ್ಥಾನದಲ್ಲಿ ಅಂತರಾಳ ಎಲ್ಲಿದೆ? ಶಿಖರ ಯಾವ ಶೈಲಿಯದು?
5. ಗುಡಿಯೂ ಉಳಿಯಬೇಕು, ಊರೂ ಉಳಿಯಬೇಕು ಎಂದರೆ ನೀವು ಏನು ಮಾಡುತ್ತೀರಿ?

ಮೊದಲ ನಾಲ್ಕಕ್ಕೆ ಉತ್ತರ ಈ ಲೇಖನದಲ್ಲೂ ನಮ್ಮ ದೇವಸ್ಥಾನದಲ್ಲೂ ಸಿಗುತ್ತದೆ. ಐದನೆಯದಕ್ಕೆ ದೊಡ್ಡವರ ಬಳಿಯೂ ಸಿದ್ಧ ಉತ್ತರವಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗ ಎಲ್ಲರೂ ಸೇರಿ ಚರ್ಚಿಸಿ, ಸಾಧ್ಯವಾದರೆ ಕನ್ನಡದಲ್ಲೇ. ಮುಂದಿನ ಸಲ ಊರಿಗೆ ಟಿಕೆಟ್ ಬುಕ್ ಮಾಡುವಾಗ ಬಾದಾಮಿಗೆ ಎರಡು ರಾತ್ರಿ ಎತ್ತಿಡಿ.